ಆಪರೇಷನ್ ಆಗಿದೆ, ಬೋರ್ಡ್ ಮೇಲಿನ ಲೆಕ್ಕ ಮಾತ್ರ ಪುಸ್ತಕಕ್ಕೆ ಇಳಿಯುತ್ತಿಲ್ಲ: ಅಂಕೋಲಾದ ಒಬ್ಬ ಹುಡುಗನ ಪ್ರಕರಣ

ಹುಡುಗನಿಗೆ ಹತ್ತು ವರ್ಷ. ಅಂಕೋಲಾ ತಾಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಐದನೇ ತರಗತಿ. ಶಾಲೆಯಿಂದ ನನಗೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಮಾತು ಚೆನ್ನಾಗಿ ಆಡುತ್ತಾನೆ. ಬರೆಯಲು ಸೋಮಾರಿ. ಗಣಿತಕ್ಕೆ ಮನಸ್ಸು ಕೊಡುವುದಿಲ್ಲ.’ ಹೃದಯದ ವಿಷಯ ಅದರಲ್ಲಿ ಇರಲೇ ಇಲ್ಲ. ಅದು ಗೊತ್ತಾಗಿದ್ದು ತಾಯಿಯ ಜೊತೆ ಕೂತು ಮಾತಾಡಿದಾಗ, ಅದೂ ಮಾತೆಲ್ಲ ಮುಗಿಯುತ್ತ ಬಂದ ಮೇಲೆ. ‘ಸಣ್ಣವ ಇರುವಾಗ ಹಾರ್ಟಿನ ಆಪರೇಷನ್ ಆಗಿತ್ತು ಮೇಡಂ. ಈಗ ಎಲ್ಲ ಸರಿ ಅದೆ’ ಅಂದರು.

ನಾನು ತಾಲೂಕಿನ ಶಾಲೆಗಳಲ್ಲಿ ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳ ಜೊತೆ ಕೆಲಸ ಮಾಡುವ ಸಂಪನ್ಮೂಲ ಶಿಕ್ಷಕಿ. ಡಾಕ್ಟರ್ ಅಲ್ಲ. ಹುಡುಗನ ಹೆಸರು, ಊರು, ಶಾಲೆ ಇಲ್ಲಿ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ.

ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಎಲ್ಲವೂ ದೊಡ್ಡವಲ್ಲ. ಸಣ್ಣ ರಂಧ್ರ ತಾನಾಗೇ ಮುಚ್ಚಿಕೊಳ್ಳುವುದೂ ಉಂಟು. ದೊಡ್ಡ ದೋಷ ಇದ್ದ ಮಕ್ಕಳು ನಮ್ಮ ಅಜ್ಜಿಯರ ಕಾಲದಲ್ಲಿ ಶಾಲೆಯ ಮೆಟ್ಟಿಲು ಹತ್ತುವ ತನಕ ಉಳಿಯುತ್ತಿದ್ದದ್ದು ಕಡಿಮೆ. ಈಗ ಉಳಿಯುತ್ತಾರೆ, ನಮ್ಮ ತರಗತಿಗಳಲ್ಲೇ ಕೂತಿದ್ದಾರೆ. ಅವರ ಎದೆಯ ಮೇಲಿನ ಗೆರೆ ಅಂಗಿಯೊಳಗೆ ಇರುತ್ತದೆ, ಹಾಗಾಗಿ ಮೇಷ್ಟ್ರಿಗೆ ಗೊತ್ತೇ ಆಗುವುದಿಲ್ಲ.

ಹಿಂದಿನ ಕತೆ

ತಂದೆ ಮೀನಿನ ಟೆಂಪೋ ಓಡಿಸುತ್ತಾರೆ. ತಾಯಿ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾರೆ. ಮನೆಮಾತು ಕನ್ನಡ. ತುಂಬು ಒಂಬತ್ತು ತಿಂಗಳಿಗೆ ಹುಟ್ಟಿದ ಮಗು, ತೂಕವೂ ಸುಮಾರಾಗಿ ಇತ್ತು. ಕೆಲವು ತಿಂಗಳಾದ ಮೇಲೆ ಅಳುವಾಗ ತುಟಿ, ಉಗುರು ನೀಲಿಯಾಗುವುದು ಶುರುವಾಯಿತು. ತಂಡಿಗೆ ಹೀಗಾಗುತ್ತದೆ ಅಂತ ಮನೆಯ ಹಿರಿಯರು ಹೇಳಿದರು. ನಡೆಯಲು ಕಲಿತ ಮೇಲೆ ಇನ್ನೊಂದು ಕಂಡಿತು. ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಿದರೆ ಸಾಕು, ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ‘ನಾವು ಹಟ ಅಂದ್ಕೊಂಡಿದ್ವಿ’ ಅಂದರು ತಾಯಿ.

ಅದು ಹಟ ಆಗಿರಲಿಲ್ಲ. ಕುಕ್ಕರುಗಾಲಲ್ಲಿ ಕೂತಾಗ ಕಾಲಿನ ರಕ್ತನಾಳಗಳು ಒತ್ತಿಕೊಂಡು ದೇಹದ ಕಡೆ ಹೋಗುವ ರಕ್ತಕ್ಕೆ ತಡೆ ಜಾಸ್ತಿಯಾಗುತ್ತದೆ. ಆಗ ಹೆಚ್ಚು ರಕ್ತ ಶ್ವಾಸಕೋಶದ ಕಡೆ ತಿರುಗುತ್ತದೆ, ಮಗುವಿಗೆ ಉಸಿರು ಹಗುರಾಗುತ್ತದೆ. ಎರಡು ವರ್ಷದ ಮಗು ಇದನ್ನು ಯಾರೂ ಹೇಳಿಕೊಡದೆ ತಾನೇ ಕಂಡುಕೊಂಡಿತ್ತು.

ಕೊನೆಗೆ ಹಿಡಿದದ್ದು ಅಂಗನವಾಡಿಗೆ ಬಂದ ಆರ್‌ಬಿಎಸ್‌ಕೆ ತಂಡ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲೆ ಮಕ್ಕಳನ್ನು ಒಂದು ಸಲ ನೋಡಬೇಕು. ಆ ಡಾಕ್ಟರ್ ಸ್ಟೆಥಾಸ್ಕೋಪ್ ಇಟ್ಟವರೇ ಉಗುರು ನೋಡಿದರು, ಬೆರಳಿಗೆ ಆಕ್ಸಿಮೀಟರ್ ಹಾಕಿದರು. ರಕ್ತದಲ್ಲಿನ ಆಮ್ಲಜನಕ ಶೇ 78 ತೋರಿಸಿತು. ಆರೋಗ್ಯವಾಗಿರುವ ಮಗುವಿಗೆ 95ರ ಮೇಲೆ ಇರಬೇಕು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಗೊತ್ತಾಗಿದ್ದು ‘ಟೆಟ್ರಾಲಜಿ ಆಫ್ ಫ್ಯಾಲೋ’. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರ. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ, ಮಹಾಪಧಮನಿ, ಆ ರಂಧ್ರದ ಮೇಲೆ ಸರಿದು ಕೂತಿದೆ. ಒತ್ತಡ ತಡೆದೂ ತಡೆದೂ ಬಲಗಡೆಯ ಕೋಣೆಯ ಗೋಡೆ ದಪ್ಪವಾಗಿದೆ. ಈ ನಾಲ್ಕೂ ಸೇರಿ, ಶ್ವಾಸಕೋಶಕ್ಕೆ ಹೋಗದ, ಆಮ್ಲಜನಕ ಕಡಿಮೆ ಇರುವ ರಕ್ತ ಒಳ್ಳೆ ರಕ್ತಕ್ಕೆ ಬೆರೆತು ಮೈಗೆಲ್ಲ ಹರಿಯುತ್ತದೆ. ಮೆದುಳಿಗೂ ಅದೇ ರಕ್ತ.

ಸಾಮಾನ್ಯವಾಗಿ ಇದರ ಪೂರ್ತಿ ಆಪರೇಷನ್ ಮೊದಲ ವರ್ಷದಲ್ಲೇ ಆಗಬೇಕು. ಇವನಿಗೆ ಆಗಿದ್ದು ಮೂರು ವರ್ಷ ದಾಟಿದ ಮೇಲೆ. ಗೊತ್ತಾಗಿದ್ದೇ ತಡ, ಗೊತ್ತಾದ ಮೇಲೂ ತಡ. ಮೊದಲು ತೋರಿಸಿದ ಕಡೆ ‘ತೂಕ ಬರಲಿ, ಆಮೇಲೆ ನೋಡೋಣ’ ಅಂದರು, ಯಾವಾಗ ಬರಬೇಕು ಅಂತ ಬರೆದುಕೊಡಲಿಲ್ಲ. ಅಜ್ಜಿಗೆ ಎದೆ ಕೊಯ್ಯುತ್ತಾರೆ ಅನ್ನುವ ಭಯ. ಮಕ್ಕಳ ಹೃದಯದ ಆಪರೇಷನ್ನಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಬಿಟ್ಟು ಹೋಗಲೇಬೇಕು. ದಕ್ಷಿಣಕ್ಕೆ ಮಣಿಪಾಲ, ಮಂಗಳೂರು. ಇಲ್ಲವಾದರೆ ಅರಬೈಲ್ ಘಾಟ್ ಹತ್ತಿ, ಯಲ್ಲಾಪುರ ದಾಟಿ ಹುಬ್ಬಳ್ಳಿ–ಧಾರವಾಡ, ಅಲ್ಲಿಂದ ಬೆಂಗಳೂರು. ಸರ್ಕಾರದ ಯೋಜನೆಯಲ್ಲಿ ಆಪರೇಷನ್ ಉಚಿತವಾಗಿ ಆಯಿತು. ಬಸ್ಸು, ಊಟ, ರೂಮು, ತಪ್ಪಿದ ಕೂಲಿ ಇವ್ಯಾವುವೂ ಉಚಿತ ಅಲ್ಲ. ಸುಸಜ್ಜಿತ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಯ ಜನ ಬೀದಿಗೆ ಇಳಿದದ್ದು ಸುಮ್ನೆ ಅಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ರಂಧ್ರ ಮುಚ್ಚಿದರು, ಇಕ್ಕಟ್ಟು ದಾರಿ ಅಗಲ ಮಾಡಿದರು. ತುಟಿ ಕೆಂಪಾಯಿತು. ಕುಕ್ಕರುಗಾಲಲ್ಲಿ ಕೂರುವುದು ನಿಂತಿತು. ಒಂದೆರಡು ವರ್ಷ ತಪಾಸಣೆಗೆ ಹೋದರು. ಆಮೇಲೆ ‘ಚೆನ್ನಾಗೇ ಇದ್ದಾನಲ್ಲ’ ಅಂತ ಬಿಟ್ಟರು. ಎರಡನೆಯವಳಾಗಿ ಮಗಳು ಹುಟ್ಟಿದಳು, ಫೈಲು ಕಪಾಟಿನ ಮೇಲೆ ಹೋಯಿತು.

ತರಗತಿಯಲ್ಲಿ ಕಂಡದ್ದು

ಒಂದರಿಂದ ಮೂರನೇ ತರಗತಿಯವರೆಗೆ ಇವನ ಮೇಲೆ ದೂರೇ ಇರಲಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಆ ಮೂರು ವರ್ಷ ನಲಿ-ಕಲಿ. ಕಾರ್ಡು ಹಿಡಿದು ಗುಂಪಿನಲ್ಲಿ ಕೂತು ಕಲಿಯುವುದು, ಹಾಡು, ಕತೆ. ಟೀಚರ್ ಪಕ್ಕದಲ್ಲೇ ಕೂರುತ್ತಾರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಕಪ್ಪುಹಲಗೆ, ‘ನೋಡಿ ಬರೆದುಕೊಳ್ಳಿ’, ಒಟ್ಟಿಗೇ ಹೇಳುವ ಮೂರು ನಾಲ್ಕು ಸೂಚನೆ. ಇವನ ಕಷ್ಟ ಹೊರಗೆ ಬಂದದ್ದು ಅಲ್ಲೇ. ನನ್ನ ಪ್ರಕಾರ ಇದು ಈ ಪ್ರಕರಣದಲ್ಲಿ ತುಂಬಾ ಮುಖ್ಯವಾದ ಸಂಗತಿ. ಹುಡುಗ ನಾಲ್ಕನೇ ತರಗತಿಯಲ್ಲಿ ಕೆಡಲಿಲ್ಲ. ಅವನಿಗೆ ಕಷ್ಟವಾದ ಕೆಲಸಗಳನ್ನು ಶಾಲೆ ಕೇಳಲು ಶುರು ಮಾಡಿದ್ದೇ ಆಗ.

ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಉಳಿದ ಮಕ್ಕಳು ಒಂದು ಸಾಲು ಬರೆಯಲು ಎರಡು ಮೂರು ಸಲ ತಲೆ ಎತ್ತಿದರೆ ಇವನು ಅಕ್ಷರಕ್ಕೊಮ್ಮೆ ಎತ್ತುತ್ತಿದ್ದ. ಮತ್ತೆ ಬೋರ್ಡ್ ನೋಡುವಷ್ಟರಲ್ಲಿ ಎಲ್ಲಿದ್ದೆ ಅನ್ನುವುದು ತಪ್ಪಿಹೋಗುತ್ತಿತ್ತು. ಒತ್ತಕ್ಷರ ತನ್ನ ಅಕ್ಷರದ ಕೆಳಗೆ ಬರದೆ ಪಕ್ಕಕ್ಕೆ ಸರಿದಿರುತ್ತಿತ್ತು. ಅರ್ಧ ಬರೆಯುವಷ್ಟರಲ್ಲಿ ಮೇಷ್ಟ್ರು ಬೋರ್ಡ್ ಒರೆಸಿದರು. ಹುಡುಗ ಪೆನ್ಸಿಲ್ ಕೆಳಗಿಟ್ಟ. ದೂರದಿಂದ ನೋಡಿದವರಿಗೆ ಅದು ಸೋಮಾರಿತನವಾಗಿಯೇ ಕಾಣುತ್ತದೆ.

ಗಣಿತದ ಪುಸ್ತಕ ತೆಗೆಸಿದೆ. 402ರಲ್ಲಿ 157 ಕಳೆಯಬೇಕಿತ್ತು. 402ರ ಕೆಳಗೆ 157 ಬರೆದಿದ್ದಾನೆ, ಆದರೆ ಒಂದು ಮನೆ ಎಡಕ್ಕೆ. ಬಿಡಿ ಸ್ಥಾನದ 7 ಹೋಗಿ ಹತ್ತರ ಸ್ಥಾನದ ಸೊನ್ನೆಯ ಕೆಳಗೆ ಕೂತಿದೆ. ಉತ್ತರಕ್ಕೆ ತಲೆ ಬುಡ ಇಲ್ಲ. ಪುಸ್ತಕ ಮುಚ್ಚಿ ಬಾಯಲ್ಲಿ ಕೇಳಿದೆ: ‘ನಿನ್ನ ಹತ್ರ 402 ರೂಪಾಯಿ ಇತ್ತು, 157 ಖರ್ಚಾಯ್ತು. ಎಷ್ಟು ಉಳೀತು?’ ಸ್ವಲ್ಪ ಮೇಲೆ ನೋಡಿದ. ‘157ಕ್ಕೆ 43 ಹಾಕಿದ್ರೆ 200. ಮತ್ತೆ 202. ಅಂದ್ರೆ 245.’ ಇದನ್ನು ಎಲ್ಲಿ ಕಲಿತೆ ಅಂದೆ. ಮೇ ತಿಂಗಳಲ್ಲಿ ಮಾವ ಹೆದ್ದಾರಿ ಬದಿಯಲ್ಲಿ ಕರಿ ಇಶಾಡ್ ಮಾವು ಮಾರುವಾಗ ಇವನು ಚಿಲ್ಲರೆ ಲೆಕ್ಕ ಹೇಳುತ್ತಾನಂತೆ. ಸಂಖ್ಯೆ ಗೊತ್ತಿಲ್ಲದ ಹುಡುಗ ಅಲ್ಲ ಇವನು. ಕಾಗದದ ಮೇಲೆ ಯಾವುದು ಎಲ್ಲಿ ಕೂರಬೇಕು ಅನ್ನುವುದು ಗೊತ್ತಾಗುತ್ತಿರಲಿಲ್ಲ.

ಮೊದಲು ದೇಹ, ಆಮೇಲೆ ಬುದ್ಧಿ ಪರೀಕ್ಷೆ

ಯಾವ ಕಲಿಕಾ ಪರೀಕ್ಷೆಗೂ ಮೊದಲು ಹೃದಯದ ಡಾಕ್ಟರಿಗೆ ತೋರಿಸಲೇಬೇಕು ಅಂದೆ. ಈ ದೋಷಕ್ಕೆ ಆಪರೇಷನ್ ಆದವರಿಗೆ ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯ ಕವಾಟ ವರ್ಷ ಕಳೆದ ಹಾಗೆ ಸೋರಬಹುದು. ಜೀವನಪೂರ್ತಿ ತಪಾಸಣೆ ಬೇಕು. ಆಯಾಸವೇ ಗಮನ ತಪ್ಪಲು ಕಾರಣವಾಗಿರಬಹುದು. ಎಕೋ ಆಯಿತು. ಸ್ವಲ್ಪ ಸೋರಿಕೆ ಇದೆ, ಸದ್ಯ ಏನೂ ಮಾಡಬೇಕಿಲ್ಲ, ಆದರೆ ವರ್ಷಾ ವರ್ಷ ಬರಬೇಕು ಅಂದರು.

ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇತ್ತು. ಅದಕ್ಕೆ ಮಾತ್ರೆ ಶುರುವಾಯಿತು. ಇಲ್ಲಿ ಇನ್ನೂ ಆಪರೇಷನ್ ಆಗದ ನೀಲಿ ಮಕ್ಕಳ ತಂದೆತಾಯಿಗೆ ಒಂದು ಮಾತು. ಆಮ್ಲಜನಕ ಸಾಲದೆ ದೇಹ ಕೆಂಪು ರಕ್ತಕಣಗಳನ್ನು ಜಾಸ್ತಿ ಮಾಡುವುದರಿಂದ ಅಂಥ ಮಕ್ಕಳ ಹಿಮೋಗ್ಲೋಬಿನ್ ನೋಡಲು ಚೆನ್ನಾಗೇ ಇರುತ್ತದೆ. ಒಳಗೆ ಕಬ್ಬಿಣದ ಕೊರತೆ ಅಡಗಿರಬಹುದು. ಬರೀ ಹಿಮೋಗ್ಲೋಬಿನ್ ನೋಡಿ ‘ರಕ್ತ ಚೆನ್ನಾಗಿದೆ’ ಅಂತ ಬಿಡಬೇಡಿ, ದೇಹದಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಕಬ್ಬಿಣದ ಕೊರತೆ ಒಂದೇ ಸಾಕು, ಮಗುವಿನ ಗಮನ ಮತ್ತು ಕಲಿಕೆ ಕುಗ್ಗಲು.

ಕಿವಿ, ಕಣ್ಣು ಎರಡೂ ಸರಿ ಇದ್ದವು. ಹೃದಯದ ಆಪರೇಷನ್ ಆದ ಮಕ್ಕಳಲ್ಲಿ ಕಿವಿ ಮಂದವಾಗುವುದು ಬೇರೆ ಮಕ್ಕಳಿಗಿಂತ ಜಾಸ್ತಿ, ಹಾಗಾಗಿ ಅದನ್ನು ಬಿಡುವಂತಿಲ್ಲ. ಈ ದೋಷ ಇರುವ ಕೆಲವು ಮಕ್ಕಳಿಗೆ 22ನೇ ಕ್ರೋಮೋಸೋಮಿನ ಒಂದು ಚೂರು ಕಾಣೆಯಾಗಿರುತ್ತದೆ. ಅವರಿಗೆ ಕಲಿಕೆಯ ಕಷ್ಟ ಆ ಕಾರಣದಿಂದಲೇ ಬರಬಹುದು. ಅದನ್ನೂ ಪರೀಕ್ಷೆ ಮಾಡಿಸಿದರು, ಇವನಿಗೆ ಇರಲಿಲ್ಲ.

ಆಮೇಲೆ ಧಾರವಾಡಕ್ಕೆ ಹೋಗಿ ಮನಶ್ಶಾಸ್ತ್ರಜ್ಞರಿಂದ ಬುದ್ಧಿ ಪರೀಕ್ಷೆ. ಭಾರತದ ಮಕ್ಕಳಿಗೆಂದು ಹೊಂದಿಸಿದ ಮಾಲಿನ್ ಪರೀಕ್ಷೆ ಮಾಡಿದರು. ಅದರಲ್ಲಿ ಎರಡು ಭಾಗ. ಮಾತಿನದು ಒಂದು: ಪದಗಳ ಅರ್ಥ, ತಿಳಿವಳಿಕೆ, ಬಾಯಿಲೆಕ್ಕ. ಕೈಯಲ್ಲಿ ಮಾಡುವುದು ಇನ್ನೊಂದು: ಬ್ಲಾಕ್ ಜೋಡಿಸುವುದು, ತುಂಡು ಸೇರಿಸಿ ಚಿತ್ರ ಮಾಡುವುದು, ಗುರುತು ನೋಡಿ ಬೇಗ ಬರೆಯುವುದು, ದಾರಿ ಹುಡುಕುವುದು. ಮಾತಿನಲ್ಲಿ ಇವನಿಗೆ ಬಂದದ್ದು 106. ಕೈಕೆಲಸದಲ್ಲಿ 78. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ 92.

ವರದಿಯ ಕೊನೆಯ ಸಾಲು: ‘ಬುದ್ಧಿಮಟ್ಟ ಸಾಮಾನ್ಯ’. ಅದನ್ನು ಶಾಲೆಗೆ ತಂದಾಗ ಮೇಷ್ಟ್ರು ಅಂದರು, ‘ನೋಡಿ, ನಾ ಹೇಳಿರ್ಲಿಲ್ವಾ? ಬುದ್ಧಿ ಸರಿ ಇದೆ. ಇವನೇ ಮಾಡುವುದಿಲ್ಲ.’ ಅವರು ಮಕ್ಕಳ ಮೇಲೆ ಪ್ರೀತಿ ಇರುವ ಮೇಷ್ಟ್ರು. ಆದರೂ ಆ 92 ಅವರನ್ನು ದಾರಿ ತಪ್ಪಿಸಿತು. ಒಂದು ಕಡೆ ಮುಂದೆ, ಒಂದು ಕಡೆ ತುಂಬಾ ಹಿಂದೆ ಇರುವ ಹುಡುಗನಿಗೆ ನಡುವಿನ ಅಂಕಿ ಕೊಟ್ಟರೆ ಅದು ಅವನ ಯಾವ ಅರ್ಧವನ್ನೂ ತೋರಿಸುವುದಿಲ್ಲ. ಇಂಥ ಮಕ್ಕಳ ವರದಿಯಲ್ಲಿ ಒಟ್ಟು ಐಕ್ಯೂ ಬಿಟ್ಟು ಒಳಗಿನ ಪುಟ ಓದಬೇಕು. ಪ್ರತಿ ಭಾಗದ ಅಂಕವನ್ನು ಬೇರೆ ಬೇರೆ ಕೇಳಿ ಪಡೆಯುವುದು ತಂದೆತಾಯಿಯ ಹಕ್ಕು.

ಅಂಕಿ ಹಿಂದುಮುಂದು ಹೇಳುವ ಪರೀಕ್ಷೆಯಲ್ಲೂ ಇವನು ಕುಂಟಿದ. ಒಂದು ಕೆಲಸ ಮಾಡುತ್ತ ಇನ್ನೊಂದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಇದೆಯಲ್ಲ, ಅದು ಇವನಲ್ಲಿ ಸಣ್ಣ ಜಗಲಿ ಇದ್ದ ಹಾಗೆ. ಮೂರನೆಯವನು ಬಂದು ಕೂರುವಷ್ಟರಲ್ಲಿ ಮೊದಲು ಬಂದವನು ಎದ್ದು ಹೋಗಿರುತ್ತಾನೆ. ‘ಪುಸ್ತಕ ತೆಗಿ, ದಿನಾಂಕ ಬರಿ, ಅಂಚು ಹಾಕು, ಮೂರನೇ ಲೆಕ್ಕ ಮಾಡು’ ಅಂದರೆ ಅವನಿಗೆ ಉಳಿಯುವುದು ಅಂಚು ಹಾಕುವುದು, ಲೆಕ್ಕ ಮಾಡುವುದು ಮಾತ್ರ. ಅದೂ ಯಾವ ಲೆಕ್ಕ ಅನ್ನುವುದು ಮರೆತಿರುತ್ತದೆ.

ಹೃದಯಕ್ಕೂ ಇದಕ್ಕೂ ಏನು ಸಂಬಂಧ?

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ 1988ರಿಂದ 1992ರ ನಡುವೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಎರಡು ಮುಖ್ಯ ರಕ್ತನಾಳ ಅದಲುಬದಲಾಗಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಆಪರೇಷನ್ ಆದ 171 ಮಕ್ಕಳನ್ನು ಸೇರಿಸಿಕೊಂಡು, ವರ್ಷಗಟ್ಟಲೆ ಹಿಂಬಾಲಿಸಿದರು. ಎಂಟನೇ ವಯಸ್ಸಿನಲ್ಲಿ ಸರಾಸರಿ ಐಕ್ಯೂ ಹೆಚ್ಚುಕಡಿಮೆ ಸಾಮಾನ್ಯವೇ ಇತ್ತು. ಆದರೆ ಗಮನ, ಕಂಡದ್ದನ್ನು ಜಾಗ ತಪ್ಪದೆ ಇಳಿಸುವುದು, ತಲೆಯಲ್ಲಿ ಹಿಡಿದು ಕೆಲಸ ಮಾಡುವುದು ಇವುಗಳಲ್ಲಿ ಕೊರತೆ ಕಂಡಿತು. 16ನೇ ವಯಸ್ಸಿಗೆ ಬಂದಾಗ, ಅಷ್ಟರೊಳಗೆ ಶಾಲೆಯಲ್ಲಿ ಕಲಿಕೆಗೋ ನಡವಳಿಕೆಗೋ ವಿಶೇಷ ಸಹಾಯ ಪಡೆದವರು ಶೇ 65. ಇವನ ದೋಷ ಅದೇ ಅಲ್ಲ. ಆದರೂ ಆ ಚಿತ್ರ ಇವನ ಪುಸ್ತಕದಲ್ಲಿ ನಾನು ನೋಡಿದ್ದರ ಹಾಗೇ ಇದೆ.

ಕಾರಣ ಒಂದೇ ಅಲ್ಲ. ತೂಕದಲ್ಲಿ ಮೆದುಳು ದೊಡ್ಡವರ ದೇಹದ ಸುಮಾರು ಶೇ 2, ಬಳಸುವುದು ಮಾತ್ರ ಆಮ್ಲಜನಕದ ಸುಮಾರು ಶೇ 20. ಬೆಳೆಯುವ ಮೆದುಳಿನ ಹಸಿವು ಇನ್ನೂ ದೊಡ್ಡದು. ಕೆಲವು ದೊಡ್ಡ ದೋಷಗಳಲ್ಲಿ ಮಗು ಹೊಟ್ಟೆಯಲ್ಲಿ ಇರುವಾಗಲೇ ಮೆದುಳಿಗೆ ಹೋಗುವ ರಕ್ತದಲ್ಲಿ ಆಮ್ಲಜನಕ ಕಡಿಮೆ. ಅಂಥ ಮಕ್ಕಳ ಮೆದುಳು ಗರ್ಭದ ಕೊನೆಯ ಮೂರು ತಿಂಗಳಲ್ಲೇ ಬೆಳವಣಿಗೆಯಲ್ಲಿ ಹಿಂದೆ ಬೀಳುವುದನ್ನು ಎಂಆರ್‌ಐ ಅಧ್ಯಯನಗಳು ತೋರಿಸಿವೆ. ಹುಟ್ಟಿದ ಮೇಲೆ ನೀಲಿಯಾಗಿ ಕಳೆದ ತಿಂಗಳುಗಳು, ಆಪರೇಷನ್ ವೇಳೆ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್, ಐಸಿಯು ದಿನಗಳು, ಸರಿಯಾಗಿ ಉಣ್ಣಲಾಗದೆ ಕುಗ್ಗಿದ ತೂಕ ಎಲ್ಲವೂ ಸೇರುತ್ತವೆ. ಆಪರೇಷನ್ ಟೇಬಲ್ ಮೇಲೆ ನಡೆಯುವುದರ ಪಾಲು ಮೊದಲು ಅಂದುಕೊಂಡಿದ್ದಕ್ಕಿಂತ ಕಡಿಮೆ ಅನ್ನುವುದು ಈಗಿನ ತಿಳಿವಳಿಕೆ.

ಅಮೆರಿಕದ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಹೇಳಿದೆ: ಮೈ ನೀಲಿಯಾಗಿಸುವ ದೋಷ ಹುಟ್ಟಿನಿಂದಲೇ ಇದ್ದವರು, ಎಳೆಗೂಸಿನಲ್ಲೇ ತೆರೆದ ಹೃದಯದ ಆಪರೇಷನ್ ಆದವರು ಹೆಚ್ಚು ಅಪಾಯದ ಗುಂಪು. 12ರಿಂದ 24 ತಿಂಗಳೊಳಗೆ, 3ರಿಂದ 5 ವರ್ಷದೊಳಗೆ, ಮತ್ತೆ 11–12 ವರ್ಷಕ್ಕೆ ಅವರ ಬೆಳವಣಿಗೆಯನ್ನು ಪರೀಕ್ಷಿಸಬೇಕು. ಇವನಿಗೆ ಮೊದಲೆರಡೂ ಆಗಿರಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆ, ಎಕೋ ದಿನಾಂಕ, ಹಲ್ಲಿನ ಸ್ವಚ್ಛತೆ ಎಲ್ಲ ಇತ್ತು. ಕಲಿಕೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಒಂದು ಸಾಲು ಇದ್ದಿದ್ದರೆ ಹುಡುಗ ನಾಲ್ಕನೇ ತರಗತಿಯಿಂದ ಸೋಮಾರಿ ಅನ್ನಿಸಿಕೊಳ್ಳುತ್ತಿರಲಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಇದನ್ನೆಲ್ಲ ಹೇಳಿದಾಗ ತಂದೆ ಕೇಳಿದರು: ‘ಬೇಗ ಆಪರೇಷನ್ ಮಾಡಿಸಿದ್ರೆ ಹೀಗೆ ಆಗ್ತಿರ್ಲಿಲ್ವಾ?’ ಬೇಗ ಆಗಿದ್ದರೆ ಒಳ್ಳೆಯದಿತ್ತು ಅಂದೆ. ಆದರೆ ಹುಟ್ಟಿದ ವಾರದಲ್ಲೇ ಆಪರೇಷನ್ ಆದ ಮಕ್ಕಳಿಗೂ ಈ ಕಷ್ಟ ಇದೆ, ಹಾಗಾಗಿ ಇದನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ ಅಂದೆ. ತಾಯಿ ತಲೆ ಎತ್ತಲಿಲ್ಲ. ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಹೋಗಿದ್ದರಂತೆ. ಹತ್ತು ವರ್ಷದಿಂದ ಅದನ್ನು ಒಳಗೇ ಇಟ್ಟುಕೊಂಡಿದ್ದರು. ಗ್ರಹಣಕ್ಕೂ ಹೃದಯಕ್ಕೂ ಯಾವ ಸಂಬಂಧವೂ ಇಲ್ಲ, ಗರ್ಭದ ಮೊದಲ ಎರಡು ತಿಂಗಳಲ್ಲೇ, ಎಷ್ಟೋ ಸಲ ಬಸುರಿ ಅಂತ ಗೊತ್ತಾಗುವ ಮೊದಲೇ, ಹೃದಯದ ಆಕಾರ ಮೂಡಿ ಮುಗಿಯುತ್ತದೆ ಅಂತ ಬಿಡಿಸಿ ಹೇಳಿದೆ. ಹೃದಯದ ಡಾಕ್ಟರರೂ ಅದನ್ನೇ ಹೇಳಿದ ಮೇಲೆ ಸ್ವಲ್ಪ ಹಗುರಾದರು.

ಏನು ಮಾಡಿದೆವು

ಗಣಿತಕ್ಕೆ ಚೌಕಳಿ ಪುಸ್ತಕ ತರಿಸಿದೆವು. ಒಂದು ಚೌಕಕ್ಕೆ ಒಂದೇ ಅಂಕಿ. ಬಿಡಿ, ಹತ್ತು, ನೂರಕ್ಕೆ ಮೂರು ಬಣ್ಣದ ಗೆರೆ. ಪ್ರತಿ ಹೆಜ್ಜೆಯನ್ನೂ ಮೆಲ್ಲಗೆ ಬಾಯಲ್ಲಿ ಹೇಳುತ್ತ ಬರೆಯುವುದು. ಮಾತು ಇವನ ಬಲ, ಅದನ್ನೇ ಕೈ ಹಿಡಿಯಲು ಬಳಸಿದೆವು. ಬೋರ್ಡ್ ನೋಡಿ ಬರೆಯುವುದನ್ನು ಅರ್ಧಕ್ಕೆ ಇಳಿಸಿದರು. ಉಳಿದದ್ದನ್ನು ಪಕ್ಕದ ಹುಡುಗಿಯ ಪುಸ್ತಕ ನೋಡಿ ಮೇಜಿನ ಮೇಲೇ ಬರೆಯುತ್ತಾನೆ. ತಲೆ ಎತ್ತಿ ಇಳಿಸುವ ದೂರ ಕಡಿಮೆಯಾದದ್ದೇ ದೊಡ್ಡ ಸಹಾಯವಾಯಿತು. ಮುಂದಿನ ಬೆಂಚು. ಒಂದು ಸಲಕ್ಕೆ ಒಂದೇ ಸೂಚನೆ. ಚೀಲಕ್ಕೆ ಏನೇನು ಹಾಕಬೇಕು ಅನ್ನುವ ಪಟ್ಟಿ ಮನೆಯ ಬಾಗಿಲಿಗೆ ಅಂಟಿಸಿದೆವು. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಸಮಾಜ ವಿಜ್ಞಾನದಲ್ಲಿ ಕೆಲವು ಉತ್ತರ ಬಾಯಲ್ಲಿ.

ಇದಕ್ಕಿಂತ ಕಷ್ಟವಾದದ್ದು ಮನೆಯ ಕೆಲಸ. ಇವನನ್ನು ಓಡಲು ಬಿಡುತ್ತಿರಲಿಲ್ಲ, ಸಮುದ್ರದ ಕಡೆ ಕಳಿಸುತ್ತಿರಲಿಲ್ಲ. ಸ್ನಾನಕ್ಕೆ ನೀರು ಹಾಕುವವರು, ಅಂಗಿ ಗುಂಡಿ ಹಾಕುವವರು ಅಜ್ಜಿ. ಗಂಟಲು ಕೆರೆದರೆ ಶಾಲೆಗೆ ರಜೆ. ಯಾವ ಕೈಕೆಲಸ ಇವನಿಗೆ ಕಷ್ಟವೋ ಅದನ್ನು ರೂಢಿ ಮಾಡುವ ಅವಕಾಶವೇ ಹೀಗೆ ತಪ್ಪಿಹೋಗಿತ್ತು. ಹೃದಯದ ಡಾಕ್ಟರಿಂದ ‘ಆಡಬಹುದು, ಸುಸ್ತಾದರೆ ಕೂರಲಿ’ ಅಂತ ಬರೆಸಿಕೊಂಡು ಬಂದೆವು. ಆ ಕಾಗದ ನೋಡಿದ ಮೇಲೇ ಅಜ್ಜಿ ಒಪ್ಪಿದರು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಇಂಥ ಶಿಶುಗಳ ತಾಯಂದಿರಿಗೆ ಮೊದಲಿನಿಂದಲೇ ಧೈರ್ಯ ತುಂಬಿ, ಮಗುವಿನ ಜೊತೆ ಆಡುವುದು, ಉಣಿಸುವುದು ಹೇಳಿಕೊಟ್ಟಾಗ ಆ ಶಿಶುಗಳ ಮಾನಸಿಕ ಬೆಳವಣಿಗೆ ಸುಧಾರಿಸಿದ್ದನ್ನು ಕಂಡಿದ್ದಾರೆ. ಮನೆಯವರ ಭಯ ಇಳಿಸುವುದೂ ಚಿಕಿತ್ಸೆಯೇ.

ಬುದ್ಧಿ ಚುರುಕಾಗುವ ಟಾನಿಕ್ಕಿಗೆ ಒಬ್ಬರು ಸಾವಿರಾರು ರೂಪಾಯಿ ಹೇಳಿದ್ದರು. ಬೇಡ ಅಂದೆ. ಒಂದೆಲಗದ ತಂಬುಳಿ ಮಾಡಿ ಉಣ್ಣಿ, ರುಚಿಗೆ ಒಳ್ಳೆಯದು. ಆದರೆ ಅಂಕಿಯನ್ನು ಸರಿಯಾದ ಮನೆಯಲ್ಲಿ ಕೂರಿಸುವ ಔಷಧಿ ಯಾವ ಬಾಟಲಿಯಲ್ಲೂ ಇಲ್ಲ.

ಒಂದು ವರ್ಷದ ನಂತರ

ಕೂಡುವ, ಕಳೆಯುವ ಲೆಕ್ಕ ಚೌಕಳಿ ಪುಸ್ತಕದಲ್ಲಿ ಬಹುಪಾಲು ಸರಿ ಬರುತ್ತದೆ. ಭಾಗಾಕಾರ ಇನ್ನೂ ಕಷ್ಟ. ರೇಖಾಗಣಿತ, ನಕ್ಷೆ ತುಂಬಾ ಕಷ್ಟ. ಓದುವುದರಲ್ಲಿ ತರಗತಿಯಲ್ಲೇ ಮುಂದಿದ್ದಾನೆ. ಶಾಲೆಗೆ ತಪ್ಪಿಸುವುದು ಕಡಿಮೆಯಾಗಿದೆ.

ವಾರ್ಷಿಕೋತ್ಸವಕ್ಕೆ ಮಕ್ಕಳ ಯಕ್ಷಗಾನ ಇತ್ತು. ಅರ್ಥಗಾರಿಕೆ ಎಲ್ಲರಿಗಿಂತ ಮೊದಲು ಇವನಿಗೆ ಬಾಯಿಪಾಠ. ರಂಗದ ಮೇಲೆ ಯಾವ ಕಡೆ ತಿರುಗಬೇಕು, ಯಾರ ಎಡಕ್ಕೆ ನಿಲ್ಲಬೇಕು ಅನ್ನುವುದು ಮಾತ್ರ ಹತ್ತಲಿಲ್ಲ. ಪಾತ್ರ ಬೇರೆಯವರಿಗೆ ಕೊಡೋಣ ಅಂತ ಮಾತು ಬಂತು. ಹಿಂದೆ ಸೋಮಾರಿ ಅಂದಿದ್ದ ಅದೇ ಮೇಷ್ಟ್ರು ಸೀಮೆಸುಣ್ಣ ತಂದು ನೆಲದ ಮೇಲೆ ಅವನ ಜಾಗಕ್ಕೆಲ್ಲ 1, 2, 3 ಅಂತ ಬರೆದರು. ಹುಡುಗ ಸಂಖ್ಯೆ ಹಿಡಿದು ನಿಂತ, ತಿರುಗಿದ, ಆಟ ನಡೆಯಿತು.

ಮುಂದಿನ ವರ್ಷ ಮತ್ತೆ ಪೂರ್ತಿ ಪರೀಕ್ಷೆ, 11–12ರ ಹಂತದ್ದು. ಧಾರವಾಡದ ವರದಿಯಲ್ಲಿ ಗಣಿತದ ಕಲಿಕಾ ನ್ಯೂನತೆಯ ಉಲ್ಲೇಖ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಗುರುತಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ ಬೇಕಾದರೆ ಪ್ರಮಾಣಪತ್ರವನ್ನು ಹೈಸ್ಕೂಲಿಗೆ ಬಂದ ಕೂಡಲೇ ಮಾಡಿಸಿಡಬೇಕು, ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ. ಎಕೋ ವರದಿ, ಬುದ್ಧಿ ಪರೀಕ್ಷೆಯ ಒಳಪುಟಗಳು, ಒಂದು ವರ್ಷದ ಚೌಕಳಿ ಪುಸ್ತಕ, ಮೇಷ್ಟ್ರು ಬರೆದ ಟಿಪ್ಪಣಿ ಎಲ್ಲ ಸೇರಿಸಿ ಒಂದೇ ಫೈಲು ಮಾಡಿದ್ದೇವೆ. ಒಂದು ಪ್ರತಿ ಮನೆಯಲ್ಲಿ, ಒಂದು ಶಾಲೆಯಲ್ಲಿ. ಆರನೇ ತರಗತಿಗೆ ಬೇರೆ ಶಾಲೆಗೆ ಹೋಗುತ್ತಾನೆ. ಮೊದಲ ವಾರವೇ ಅಲ್ಲಿನ ಗಣಿತದ ಟೀಚರ್ ಕೈಗೆ ಅದನ್ನು ಕೊಟ್ಟು, ಕೂತು ಮಾತಾಡುವುದು ಅಂತ ತಾಯಿ ಮತ್ತು ನಾನು ಮಾತು ಮಾಡಿಕೊಂಡಿದ್ದೇವೆ.